ಪಂಖ ಆರಿಸಿದ್ದು

ನಮ್ಮದು ಕಿವಿ ನೋಡುವ ಜಾಗ.
ದವಾಖಾನೆ ಅನ್ನುವಷ್ಟು ದೊಡ್ಡದಲ್ಲ,
ಸೊಲ್ಲಾಪುರದ ಸಾಖರ ಪೇಠೆಯಲ್ಲಿ ಎರಡನೇ ಮಾಳಿಗೆ.
ಗೋಡೆಗೆ ಚಾದರ, ಬಾಗಿಲಿಗೆ ಚಾದರ, ನೆಲಕ್ಕೂ ಚಾದರ,
ಸದ್ದು ಕುಡಿಯಲಿ ಎಂದು ಡಾಕ್ಟರ್ ಮೃದುಲಾಬಾಯಿ
ಕಾರಖಾನೆಯಿಂದ ಡ್ಯಾಮೇಜ್ ಮಾಲು ತರಿಸಿ ಹೊಡೆಸಿದ್ದು.
ಅವೇ ಚಾದರ ನೇಯ್ದು ಕಿವಿ ಕಳಕೊಂಡವರು
ಅವುಗಳ ನಡುವೆ ಕೂತು, ಗುಂಡಿ ಹಿಡಿದು,
ಕೇಳಿಸಿದಾಗ ಒತ್ತಬೇಕು.

ಮೇ ತಿಂಗಳು, ಜಾಬರ್ ಗುರಪ್ಪ ಹತ್ತೂರೆ
ನಾನು ಏನೂ ಕೊಡದೆಯೇ ಒತ್ತಿದ.
ಮತ್ತೆ ಒತ್ತಿದ. ಒತ್ತಿಯೇ ಹಿಡಿದ.
ಏನು ಕೇಳಿಸ್ತು ಅಂತ ಚೀಟಿಯಲ್ಲಿ ಬರೆದು ತೋರಿಸಿದರೆ
ಎದ್ದು ಬಂದು ಕಂಪ್ಯೂಟರಿನ ಡಬ್ಬಿಯ ಮೇಲೆ
ಅಂಗೈ ಇಟ್ಟ, ಕೂಸಿನ ಜ್ವರ ನೋಡುವ ಹಾಗೆ.
‘ಬುಶ್ ಸವದದ. ಎಡಕ್ಕ ವಾಲ್ಯಾಡಲತ್ತದ.
ಮೇಜಿನ ಕಾಲಿನಿಂದ ನನ್ನ ಕುರ್ಚಿಗಿ ಬರಲತ್ತದ.’

ಬಿಚ್ಚಿದೆ.
ಪ್ರೊಸೆಸರಿನ ಜೊತೆ ಪುಕ್ಕಟೆ ಬಂದ ಪಂಖ,
ಅಂಗೈ ಅಗಲವೂ ಇಲ್ಲ. ಹೊರಗೆ ನಲವತ್ಮೂರು ಡಿಗ್ರಿ,
ಒಳಗೆ ಅದು ಬಾಯಿ ಬಡಕೊಂಡು ತಿರುಗಿ ತಿರುಗಿ
ಹಲ್ಲಿನ ಸಂದಿಗೆಲ್ಲ ಊರ ಹತ್ತಿ ತುರುಕಿಕೊಂಡಿತ್ತು,
ಗುಬ್ಬಿಗೊಂದು ತಲೆದಿಂಬಾಗುವಷ್ಟು.

ಬಶೀರ ನದಾಫನ ಅಂಗಡಿ. ಅವನಜ್ಜ ಹತ್ತಿ ಹಿಂಜುತ್ತಿದ್ದ,
ಇವ ಕಂಪ್ಯೂಟರ್ ಹಿಂಜುತ್ತಾನೆ.
ಮೊದಲು ತೋರಿಸಿದ್ದು ನೀರಿನದು, ಮದುವೆ ಮಂಟಪದ ದೀಪ ಹೊತ್ತದ್ದು.
‘ಪಂಪು ಗುನುಗ್ತದ ಅಕ್ಕಾ, ನಿಮಗ ಬ್ಯಾಡ.’
ಆಮೇಲೆ ತೆಳುವಾದದ್ದು, ಚೆಲುವಾದದ್ದು, ಅದೂ ಬೇಡ.
‘ಸಣ್ಣದು ಓಡಿ ಸಾಯ್ತದ. ದೊಡ್ಡ ರೆಕ್ಕಿ, ಸಾವಕಾಶ ತಿರಗಬೇಕು.
ಗಾಳಿ ಅಷ್ಟೇ ಬರ್ತದ, ಬೊಬ್ಬಿ ಬರಂಗಿಲ್ಲ.’
ಡಬ್ಬಿಯ ಮೇಲೆ ಹತ್ತೊಂಬತ್ತು ಡೆಸಿಬೆಲ್ ಎಂದಿತ್ತು,
ಎಷ್ಟು ದೂರ ನಿಂತು ಅಳೆದರು ಎಂದು ಇರಲಿಲ್ಲ.
ಅಳೆಯುವುದೇ ನನ್ನ ಹೊಟ್ಟೆಪಾಡು, ನನಗೆ ಗೊತ್ತು,
ಸಾಕಷ್ಟು ದೂರ ಹೋದರೆ ಎಲ್ಲವೂ ಮೌನವೇ.

ಆರು ತಾಮ್ರದ ನಳಿಗೆಯ ಗೋಪುರಕ್ಕೆ ಮನಸೋತೆ.
ಬಶೀರ ಟೇಪು ಹಿಡಿದ: ನಮ್ಮ ಡಬ್ಬಿಗೆ ಮೂರು ಮಿಲಿಮೀಟರ್ ಎತ್ತರ ಹೆಚ್ಚು.
ನಾಲ್ಕು ನಳಿಗೆಯ ಗಿಡ್ಡದ್ದನ್ನು
ವೃತ್ತಪತ್ರಿಕೆಯಲ್ಲಿ ಸುತ್ತಿಸಿಕೊಂಡು ಬಂದೆ.

ಪೇಸ್ಟು, ಜೋಳದ ಕಾಳಿನಷ್ಟು.
ತಿರುಪು, ಒಂದು ಈ ಮೂಲೆ, ಒಂದು ಎದುರು ಮೂಲೆ.
ಅರವತ್ತು ಡಿಗ್ರಿಯ ತನಕ ಓಡಬೇಡ ಎಂದು ಅದಕ್ಕೆ ಕಲಿಸಿದೆ.

ಆಗ ಬಂದವು ಉಳಿದವು.
ಟ್ಯೂಬ್‌ಲೈಟಿನ ಚೋಕು.
ಗಡಿಯಾರ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು.
ಎರಡು ಗಲ್ಲಿಯಾಚೆ ಯಾರದೋ ಮಗ್ಗ.
ಗಡಿಯಾರವನ್ನು ಜಿನೆಗೆ ಗಡೀಪಾರು ಮಾಡಿದೆ,
ಮಗ್ಗವನ್ನು ಎಲ್ಲಿಗೆ ಕಳಿಸಲಿ?

ಗುರಪ್ಪ ಮತ್ತೆ ಬಂದ. ಡಬ್ಬಿಗೆ ಅಂಗೈ.
‘ಚಾಲೂ ಮಾಡವ್ವ.’
ಚಾಲೂ ಇದೆ, ಬರೆದೆ.
ಕೈ ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟ.
ತಲೆ ಆಡಿಸಿದ, ಒಳ್ಳೆ ನೂಲು ಕಂಡಾಗ ಆಡಿಸುವ ಹಾಗೆ.

ಈ ಸಲ ಸುಳ್ಳು ಒತ್ತು ಒಂದೂ ಇಲ್ಲ.
ಗೆರೆ ಮಾತ್ರ ಅದೇ ಗೆರೆ,
ನಾಲ್ಕು ಸಾವಿರಕ್ಕೆ ಬರುವಾಗ ಹಾಳುಬಾವಿಗೆ ಇಳಿದಂತೆ ಇಳಿಯಿತು.
ಮೊದಲಾಗಿದ್ದರೆ ಪಂಖದ ಮೇಲೆ ಹಾಕಬಹುದಿತ್ತು.

ಹೊರಡುವಾಗ ಕಸದ ಬುಟ್ಟಿಯಿಂದ ಹಳೆಯದನ್ನು ಎತ್ತಿಕೊಂಡ,
ಹತ್ತಿ ಊದಿದ, ಬೆರಳಿನಿಂದ ತಿರುವಿದ.
‘ಒಂದು ಹನಿ ಎಣ್ಣಿ ಬಿಟ್ಟು ತಲಿದಿಂಬಿನ ಕಡೆ ಕಟ್ಕೋತೀನಿ.
ಮನ್ಯಾಗ ನಾ ಒಬ್ಬನೇ ಮಲಗಾಂವ.
ನನಗ ಇದೂ ಸದ್ದು ಮಾಡಂಗಿಲ್ಲ.’